ಡುಮ್ಮಿಯ ಏಪ್ರನ್

ಜೂನ್ ೩

ಅತ್ತೆಯವರಿಗೆ,

ಆರು ವರ್ಷದ ಮಗುವನ್ನು ದುಡಿಮೆಗೆ ಹಚ್ಚುವುದು ಅನ್ಯಾಯ. ಅಜ್ಜಿಯೇ ಹಚ್ಚಿದರೆ ಅದು ಅನ್ಯಾಯದ ಜೊತೆಗೆ ನಾಚಿಕೆಗೇಡು ಕೂಡ.

ನಿಮ್ಮ ಕಾರ್ಡು ನಿನ್ನೆ ಬಂತು. ಮೂರೇ ಸಾಲು. ಮಗುವಿಗೊಂದು ಏಪ್ರನ್ ಬೇಕು, ದಪ್ಪ ಬಟ್ಟೆಯದಾಗಲಿ, ನೀವು ಹೊಲಿಗೆ ಕೆಲಸದವರಲ್ಲವೇ, ಹೊಲಿದು ಕಳಿಸಿ. ಅಷ್ಟೇ. ಅವಳು ಹೇಗಿದ್ದಾಳೆ ಎಂದು ಒಂದು ಮಾತಿಲ್ಲ. ಅಕ್ಷರ ಕಲಿತಳೇ, ಹಲ್ಲು ಬಿತ್ತೇ, ನನ್ನನ್ನು ಕೇಳುತ್ತಾಳೆಯೇ, ಒಂದೂ ಇಲ್ಲ.

ಏಪ್ರನ್ ಕಟ್ಟಿಕೊಳ್ಳುವವರು ಯಾರು? ಪಾತ್ರೆ ತಿಕ್ಕುವವರು. ಒಲೆಯ ಮುಂದೆ ಬೇಯುವವರು. ಇನ್ನೊಬ್ಬರ ಎಂಜಲು ಬಳಿಯುವವರು. ನೀವು ಹಾಸ್ಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತೀರಿ, ಡುಮ್ಮಿಯನ್ನೂ ಅಲ್ಲಿಗೇ ಕರೆದುಕೊಂಡು ಹೋಗುತ್ತೀರಿ. ಇನ್ನೇನು ಬಿಡಿಸಿ ಹೇಳಬೇಕು? ಮೊದಲು ಒಂದು ಲೋಟ ತೊಳೆದಿಡು ಎನ್ನುತ್ತಾರೆ. ಆಮೇಲೆ ಎರಡು ತಟ್ಟೆ. ಆಮೇಲೆ ಅದೇ ಮಗುವಿನ ಕೆಲಸವಾಗುತ್ತದೆ. ಲೋಕದ ಎಲ್ಲ ಅಡುಗೆಮನೆಗಳಲ್ಲೂ ಮಕ್ಕಳು ಹೀಗೆಯೇ ಕೂಲಿಗಳಾದದ್ದು. ಇದನ್ನು ನಾನು ಓದಿ ಹೇಳುತ್ತಿಲ್ಲ. ಓದಿಯೂ ಇದ್ದೇನೆ, ನೋಡಿಯೂ ಇದ್ದೇನೆ.

ಅವಳ ತಾಯಿ ಹೋದ ಮೇಲೆ ಡುಮ್ಮಿಯನ್ನು ನಿಮ್ಮ ಮಡಿಲಿಗೆ ಹಾಕಿ ಬಂದದ್ದು ಅವಳ ಕೈಯಲ್ಲಿ ಪುಸ್ತಕ ಇರಲಿ ಎಂದು. ನಾನು ದಿನವಿಡೀ ಕಾರ್ಖಾನೆಯಲ್ಲಿರುತ್ತೇನೆ, ಕೋಣೆಯಲ್ಲಿ ಅವಳೊಬ್ಬಳೇ ಇರಬೇಕಾಗುತ್ತದೆ ಎಂದು. ಹೋದ ವರ್ಷ ನಿಮ್ಮ ಬಾಗಿಲಿಗೆ ಬಂದಾಗ ನಾವಿಬ್ಬರೂ ಆಡಿದ ಮಾತುಗಳ ನಂತರ ನಾನು ಆ ಕಡೆ ಕಾಲಿಟ್ಟಿಲ್ಲ, ನಿಜ. ಹಾಗೆಂದು ನನಗೆ ಹಕ್ಕಿಲ್ಲವೆಂದು ತಿಳಿಯಬೇಡಿ. ಸರಿಯಾದ ಉತ್ತರ ಬರದಿದ್ದರೆ ಮಗಳನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ.

ಇಂತಿ,
ನಿಮ್ಮ ಅಳಿಯ

*

ಜೂನ್ ೧೧

ಅಳಿಯಂದಿರಿಗೆ,

ಕಾಗದ ಬಂತೆಂದು ಲಕೋಟೆ ಒಡೆದೆ. ಒಳಗೆ ಕರಪತ್ರ ಇತ್ತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ನೀವು, ಮೊದಲಿನಿಂದಲೂ ಹಾಗೆಯೇ. ಏಪ್ರನ್ ಎಂದ ಕೂಡಲೇ ನಿಮಗೆ ಕೂಲಿ ಕಂಡಿತು. ನಿಮ್ಮ ಮಗಳಿಂದ ನಾನು ಒಂದು ಚಮಚವನ್ನೂ ತೊಳೆಸಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಅವಳಿಗೊಂದು ಮಣೆ ಹಾಕಿದ್ದೇನೆ. ಅಲ್ಲಿ ಕೂತು ಹಾಸ್ಟೆಲಿನ ಹುಡುಗಿಯರ ಹಳೆಯ ಪುಸ್ತಕ ಓದುತ್ತಾಳೆ, ನಾನು ಹುರುಳಿಕಾಯಿ ಹೆಚ್ಚುವುದನ್ನು ನೋಡಿ "ಅಜ್ಜಿ, ಅದು ಸಣ್ಣ ಆಯ್ತು, ಇದು ದೊಡ್ಡದಾಯ್ತು" ಎಂದು ಮೇಸ್ತ್ರಿಗಿರಿ ಮಾಡುತ್ತಾಳೆ. ದುಡಿಸಿಕೊಳ್ಳುತ್ತಿರುವವರು ಯಾರು ಎಂದು ನೀವೇ ತೀರ್ಮಾನಿಸಿ. ಅಕ್ಷರ ಕಲಿತಿದ್ದಾಳೆ. ಹಲ್ಲು ಎರಡು ಬಿದ್ದಿವೆ. ನಿಮ್ಮನ್ನು ಕೇಳುತ್ತಾಳೆ.

ಏಪ್ರನ್ ಏಕೆಂದರೆ, ಊಟ ಮಾಡುವಾಗ ಮೈಮೇಲೆ ಚೆಲ್ಲಿಕೊಳ್ಳುತ್ತಾಳೆ. ದಿನಕ್ಕೆ ಮೂರು ಫ್ರಾಕು ಒಗೆಯಬೇಕಾಗಿದೆ. ಮಕ್ಕಳೆಂದರೆ ಚೆಲ್ಲುತ್ತವೆ. ನಾನೇ ಹೊಲಿಯುತ್ತಿದ್ದೆ, ನಿಮ್ಮ ಮುಂದೆ ಕೈಚಾಚುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದಿದೆ. ಅಕ್ಷರವನ್ನಾದರೆ ದಪ್ಪಗೆ ಬರೆದುಕೊಳ್ಳಬಹುದು, ಸೂಜಿಯ ಕಣ್ಣನ್ನು ದಪ್ಪ ಮಾಡಲಾಗುವುದಿಲ್ಲ.

ಇನ್ನೊಂದು. ಕರೆದುಕೊಂಡು ಬರುತ್ತೇನೆ ಎಂದು ಬರೆದಿದ್ದೀರಿ. ಆ ಸಾಲನ್ನು ಮತ್ತೆ ಬರೆಯಬೇಡಿ. ನಿಮ್ಮ ಊರಿಗೆ ಒಬ್ಬಳನ್ನು ಕಳಿಸಿದ್ದೇನೆ. ಸಾಕು.

ನಿಮ್ಮ ಅತ್ತೆ

*

ಜೂನ್ ೨೦

ಅತ್ತೆಯವರಿಗೆ,

ನಿಮ್ಮ ಕೊನೆಯ ಸಾಲಿಗೆ ನಾನು ಉತ್ತರ ಬರೆಯುವುದಿಲ್ಲ. ನಾಲ್ಕು ಸಲ ಬರೆದು ಹರಿದೆ.

ಏಪ್ರನ್ ಹೊಲಿಯಲು ಕೂತೆ. ಬರಲಿಲ್ಲ.

ನಗಬೇಡಿ. "ಹೊಲಿಗೆ ಕೆಲಸದವರಲ್ಲವೇ" ಎಂದು ನೀವು ಬರೆದದ್ದು ಚುಚ್ಚಿತು, ಏಕೆಂದರೆ ನಾನು ಹೊಲಿಗೆ ಕೆಲಸದವನಲ್ಲ. ನಾನು ಎಡಜೇಬಿನವನು. ಸೇರಿದ ದಿನದಿಂದ ಅಂಗಿಯ ಎಡಗಡೆಯ ಜೇಬನ್ನು ಮಾತ್ರ ಹೊಲಿದಿದ್ದೇನೆ. ಕಾಲರ್ ಒಬ್ಬನ ಕೈಯಲ್ಲಿ, ತೋಳು ಒಬ್ಬಳ ಕೈಯಲ್ಲಿ, ಗುಂಡಿ ಇನ್ನೊಬ್ಬಳ ಕೈಯಲ್ಲಿ. ನಮ್ಮ ಲೈನಿನಲ್ಲಿ ಯಾರೂ ಯಾರನ್ನೂ ಹೆಸರಿನಿಂದ ಕರೆಯುವುದಿಲ್ಲ. ಕಾಲರಣ್ಣ, ತೋಳಕ್ಕ, ಗುಂಡಿಯಕ್ಕ. ನಾನು ಜೇಬು. ನಾನು ಹೊಲಿದ ಜೇಬು ಎಂಥ ಅಂಗಿಯ ಎದೆಯ ಮೇಲೆ ಕೂತಿದೆ ಎಂದು ನನಗೆ ಒಮ್ಮೆಯೂ ಕಂಡಿಲ್ಲ, ಅಂಗಿ ಅಂಗಿಯಾಗುವ ಹೊತ್ತಿಗೆ ನನ್ನ ಮೇಜಿನಿಂದ ಬಹಳ ದೂರ ಹೋಗಿರುತ್ತದೆ. ದುಡಿಯುವವನನ್ನು ಅವನ ದುಡಿಮೆಯಿಂದಲೇ ಹೊರಗಿಡುತ್ತಾರೆ ಎಂದು ಒಂದು ಕಿರುಹೊತ್ತಿಗೆಯಲ್ಲಿ ಓದಿದ್ದೆ. ಆ ಸಾಲಿನ ಕೆಳಗೆ ಗೆರೆಯನ್ನೂ ಎಳೆದಿದ್ದೆ. ಅದು ನಿಜವಾಗಿ ಅರ್ಥವಾದದ್ದು ಮೊನ್ನೆ ಭಾನುವಾರ, ನನ್ನ ಮಗಳಿಗೆ ಒಂದು ತುಂಡು ಬಟ್ಟೆ ಹೊಲಿಯಲು ಬಾರದೆ ಕೂತಾಗ.

ಅವಳ ತಾಯಿಯ ಮಿಷನ್ನಿನ ಮುಚ್ಚಳ ತೆಗೆದೆ. ಬಾಬಿನ್ನಿನಲ್ಲಿ ನೀಲಿ ದಾರ ಇನ್ನೂ ಇತ್ತು. ಹಳೆಯ ಸುದ್ದಿಪತ್ರಿಕೆಯನ್ನು ಏಪ್ರನ್ನಿನ ಹಾಗೆ ಕತ್ತರಿಸಿ ನೋಡಿದೆ. ಕೊನೆಗೆ ನನ್ನ ಮುಂದೆ ಇದ್ದದ್ದು ನಾಲ್ಕು ಮೂಲೆಯ ಒಂದು ಕಾಗದ, ಅದಕ್ಕೆ ಬಹಳ ಚೆಂದದ ಒಂದು ಜೇಬು. ಕಾಲರಣ್ಣ ಬಂದವನು ನೋಡಿ, "ಲೋ ಜೇಬು, ಕಾಲರ್ ಬೇಕಾದ್ರೆ ಹೇಳು, ಹಾಕ್ಕೊಡ್ತೀನಿ" ಎಂದ.

ಹೇಗೆ ಹೊಲಿಯುವುದು ಎಂದು ಬರೆಯಿರಿ. ಮೊದಲಿನಿಂದ ಬರೆಯಿರಿ. ಏನೂ ಬಾರದವನಿಗೆ ಬರೆದ ಹಾಗೆ.

ನಿಮ್ಮ ಅಳಿಯ

*

ಜೂನ್ ೨೯

ಅಳಿಯಂದಿರಿಗೆ,

ನಕ್ಕೆ. ಸುಳ್ಳು ಏಕೆ ಹೇಳಲಿ. ಆಮೇಲೆ ನಿಮ್ಮ ಕಾಗದವನ್ನು ಮಗುವಿಗೂ ಓದಿ ಹೇಳಿದೆ. ಅಂಗಿಯ ಎಡಜೇಬು ಹೊಲಿಯುವವರು ತನ್ನ ಅಪ್ಪ ಎಂದು ಗೊತ್ತಾದಾಗಿನಿಂದ ಅವಳ ಕಣ್ಣು ಗಂಡಸರ ಎದೆಯ ಮೇಲೆಯೇ. ಟಪಾಲಿನವನು ಬಂದರೆ, ಹಾಲಿನವನು ಬಂದರೆ, "ಇದು ನಮ್ಮಪ್ಪ ಹೊಲಿದಿದ್ದಾ?" ಹಾಲಿನವನು ಪಾಪ, ಬನಿಯನ್ನಿನಲ್ಲಿ ಬರುತ್ತಿದ್ದವನು ಈಗ ಅಂಗಿ ತೊಟ್ಟು ಬರುತ್ತಾನೆ.

ಇನ್ನು ಕೇಳಿಕೊಳ್ಳಿ. ಬಟ್ಟೆಯನ್ನು ಉದ್ದಕ್ಕೆ ಎರಡಾಗಿ ಮಡಚಿ, ಮಡಿಕೆ ನಿಮ್ಮ ಎಡಗೈ ಕಡೆ ಇರಲಿ. ಬಲಗಡೆ ಮೇಲಿನ ಮೂಲೆಯ ಮೇಲೆ ಊಟದ ತಟ್ಟೆಯೊಂದನ್ನು ಬೋರಲು ಹಾಕಿ, ತಟ್ಟೆಯ ನಡು ಸರಿಯಾಗಿ ಮೂಲೆಯ ಮೇಲೆ ಬರಬೇಕು. ಸುತ್ತ ಗೆರೆ ಎಳೆದು ಕತ್ತರಿಸಿ. ಬಿಚ್ಚಿದರೆ ಎರಡೂ ಕಂಕುಳಿನ ಬಾಗು ಒಂದೇ ಸಮ ಇರುತ್ತದೆ. ಬಾಗಿದ ಅಂಚನ್ನು ಮೊದಲು ಮಡಚಿ ಹೊಲಿಯಿರಿ, ನೇರ ಅಂಚು ಆಮೇಲೆ. ಬಾಗಿನ ಮೇಲೆ ಹೊಲಿಯುವಾಗ ಬಟ್ಟೆಯನ್ನು ಎಳೆಯಬೇಡಿ, ಎಳೆದರೆ ಮುನಿಸಿಕೊಂಡು ಬಾಯಿ ಬಿಡುತ್ತದೆ. ನಿಮ್ಮ ಹೆಂಡತಿಯೂ ಮೊದಲು ಎಳೆಯುತ್ತಿದ್ದಳು. ಅವಳ ಕೈಮೇಲೆ ಹೊಡೆದು ಕಲಿಸಿದೆ. ಆಮೇಲೆ ಅವಳ ಹಾಗೆ ಬಾಗು ಹೊಲಿಯುವವರು ನಮ್ಮ ಬೀದಿಯಲ್ಲೇ ಇರಲಿಲ್ಲ.

ಕುತ್ತಿಗೆಗೆ ಒಂದು ಪಟ್ಟಿ. ತಲೆ ಸುಲಭವಾಗಿ ತೂರುವಂತೆ ಸಡಿಲ ಇರಲಿ. ಸೊಂಟಕ್ಕೆ ಎರಡು ಲಾಡಿ, ಹಿಂದಕ್ಕೆ ಬರುವಂತೆ. ನಾನು ಕಟ್ಟುತ್ತೇನೆ. ಗುಂಡಿ ಬೇಡ. ಜೇಬೂ ಬೇಡ.

ಇಷ್ಟೇ. ಇದಕ್ಕಿಂತ ಸುಲಭದ ಬಟ್ಟೆ ಲೋಕದಲ್ಲಿಲ್ಲ.

ನಿಮ್ಮ ಅತ್ತೆ

*

ಜುಲೈ ೧೪

ಅತ್ತೆಯವರಿಗೆ,

ಈ ಕಾಗದದ ಜೊತೆ ಏಪ್ರನ್ ಇದೆ. ನಾನು ಇಡಿಯಾಗಿ ಹೊಲಿದ ಮೊದಲ ಬಟ್ಟೆ. ಬಾಗು ಒಂದು ಕಡೆ ಸ್ವಲ್ಪ ಬಾಯಿ ಬಿಟ್ಟಿದೆ, ನೀವು ಹೇಳಿದ್ದು ನೆನಪಾಗುವ ಹೊತ್ತಿಗೆ ಎಳೆದಾಗಿತ್ತು.

ಬಟ್ಟೆ ಎಲ್ಲಿಯದು ಎಂದು ನೀವು ಕೇಳುತ್ತೀರಿ. ಕಾರ್ಖಾನೆಯದಲ್ಲ. ಅಲ್ಲಿಯ ಒಂದು ಚಿಂದಿಯನ್ನೂ ನಾನು ಮುಟ್ಟುವುದಿಲ್ಲ. ನಮ್ಮ ಮುಷ್ಕರ ಹೋದ ವಾರ ಶುರುವಾಯಿತು. ತೋಳಕ್ಕ ನೀರು ಕುಡಿಯಲು ಎದ್ದಳೆಂದು ಸೂಪರ್‌ವೈಸರ್ ಅವಳನ್ನು ಕೆಲಸದಿಂದ ತೆಗೆದ. ನೀರು ಕುಡಿಯಲು, ಅತ್ತೆ. ಮಾರನೆಯ ದಿನ ಲೈನಿನಲ್ಲಿ ಒಂದು ಮಿಷನ್ನೂ ಓಡಲಿಲ್ಲ. ಯಾರು ಕಾಲರ್, ಯಾರು ಗುಂಡಿ, ಯಾರು ಜೇಬು ಎಂಬುದು ಮರೆತುಹೋಗಿ ಎಲ್ಲರೂ ಗೇಟಿನ ಮುಂದೆ ಕೂತೆವು. ಆ ದಿನ ಮೊದಲ ಬಾರಿಗೆ ನಾವೆಲ್ಲ ಸೇರಿ ಒಂದು ಇಡೀ ಅಂಗಿಯಾದ ಹಾಗೆ ನನಗನಿಸಿತು. ಬಾವುಟಗಳಿಗೆಂದು ತಂದ ಕೆಂಪು ಬಟ್ಟೆ ಒಂದಿಷ್ಟು ಉಳಿದಿತ್ತು. ಸಂಘದವರನ್ನು ಕೇಳಿಯೇ ತಂದೆ. ನನ್ನ ಮಗಳು ತೊಡಲು ಇದಕ್ಕಿಂತ ಒಳ್ಳೆಯ ಬಟ್ಟೆ ನನಗೆ ಗೊತ್ತಿಲ್ಲ.

ಅಳತೆಗೆ ನಿಮ್ಮನ್ನು ಕೇಳಲಿಲ್ಲ. ಕಾರ್ಖಾನೆಯ ಗೋಡೆಯ ಮೇಲೆ ವಯಸ್ಸಿಗೆ ಇಂತಿಷ್ಟು ಎಂದು ಅಳತೆಯ ಪಟ್ಟಿ ಅಂಟಿಸಿದ್ದಾರೆ, ನನಗದು ಬಾಯಿಪಾಠ. ಆರು ವರ್ಷದ್ದನ್ನು ಹಾಕಿದ್ದೇನೆ. ಡುಮ್ಮಿ ಡುಮ್ಮಿಯಲ್ಲವೇ, ಎದೆಗೆ ಒಂದಿಂಚು ಜಾಸ್ತಿಯೇ ಬಿಟ್ಟಿದ್ದೇನೆ.

ಜೇಬು ಬೇಡ ಎಂದಿದ್ದಿರಿ. ಹಾಕಿದ್ದೇನೆ. ನನಗೆ ಚೆನ್ನಾಗಿ ಬರುವುದು ಅದೊಂದೇ.

ನಿಮ್ಮ ಅಳಿಯ

*

ಜುಲೈ ೨೫

ಅಳಿಯಂದಿರಿಗೆ,

ನಿಮ್ಮ ಕ್ರಾಂತಿ ಬಣ್ಣ ಬಿಟ್ಟಿತು.

ಹೊಸ ಬಟ್ಟೆಯನ್ನು ನೀರಿಗೆ ಹಾಕದೆ ಹೊಲಿಯಬಾರದು ಎಂದು ನಾನು ಬರೆದಿರಲಿಲ್ಲ. ಅದನ್ನೂ ಬರೆಯಬೇಕಾದೀತು ಎಂದು ಹೊಳೆಯಲಿಲ್ಲ. ಮೊದಲ ದಿನವೇ ಹಾಲು ಚೆಲ್ಲಿಕೊಂಡಳು. ಕೆಂಪೆಲ್ಲ ಕೆಳಗಿನ ಬಿಳಿ ಫ್ರಾಕಿಗೆ, ಹೊಟ್ಟೆಗೆ, ತೊಡೆಗೆ ಇಳಿಯಿತು. ತಟ್ಟೆ ಇಡಲು ಬಂದ ಹಾಸ್ಟೆಲಿನ ಹುಡುಗಿಯೊಬ್ಬಳು ನೋಡಿ ರಕ್ತವೆಂದು ಕೂಗಿಕೊಂಡು ವಾರ್ಡನ್ನನ್ನು ಕರೆತಂದಳು. ವಾರ್ಡನ್ ಅಮ್ಮ ಕೂತು ಮೂಸಿ ನೋಡಿದರು. "ಇದು ಗಾಯ ಅಲ್ಲ, ಟೈಲರಿಂಗ್" ಎಂದರು. ಮಗು ಕೇಕೆ ಹಾಕಿ ನಕ್ಕಿತು. ಬಹಳ ದಿನವಾಗಿತ್ತು ಹಾಗೆ ನಕ್ಕು.

ಬಿಚ್ಚಲು ಬಿಡಲಿಲ್ಲ. ಒದ್ದೆಯಲ್ಲೇ ಕೂತಿದ್ದಳು. ಉದ್ದ ಮೊಣಕಾಲು ದಾಟಿ ಬರುತ್ತದೆ, ಪಟ್ಟಿ ಹೆಗಲಿನಿಂದ ಜಾರುತ್ತದೆ. ಎರಡು ಪಿನ್ನು ಚುಚ್ಚಿದೆ. "ಅಪ್ಪಂಗೆ ಗೊತ್ತು ಅಜ್ಜಿ, ನಾನು ಎಷ್ಟು ದೊಡ್ಡೋಳಾಗಿದ್ದೀನಿ ಅಂತ" ಎಂದಳು.

ಜೇಬು ನೋಡಿ ಅವಳಿಗೆ ಆದ ಸಂತೋಷ ಹೇಳತೀರದು. "ಅಜ್ಜಿ, ನನ್ನ ಕೈ ಅದರೊಳಗಿಡು" ಎಂದಳು. ಇಟ್ಟೆ. ಊಟದ ಹೊತ್ತಿನವರೆಗೂ ಕೈ ಅಲ್ಲೇ ಇತ್ತು.

ಇನ್ನೊಂದು ಹೊಲಿದು ಕಳಿಸಿ. ಬಿಳಿಯದಾದರೂ ಸರಿ, ನೀರಿಗೆ ಹಾಕಿ ಹೊಲಿಯಿರಿ. ಟೇಪಿನ ಸಣ್ಣ ಅಂಕಿ ನನಗೆ ಕಾಣುವುದಿಲ್ಲ, ಅದಕ್ಕೇ ದಾರದಲ್ಲಿ ಅಳತೆ ತೆಗೆದು ಒಳಗಿಟ್ಟಿದ್ದೇನೆ. ತುದಿಯಿಂದ ಮೊದಲ ಗಂಟಿನವರೆಗೆ ಎದೆಯ ಸುತ್ತು. ಅಲ್ಲಿಂದ ಎರಡನೆಯ ಗಂಟಿನವರೆಗೆ ಗಂಟಲಿನಿಂದ ಮೊಣಕಾಲಿಗೆ. ಗೋಡೆಯ ಪಟ್ಟಿ ಬೇಡ. ಈ ದಾರದ ಪ್ರಕಾರ ಹೊಲಿಯಿರಿ. ಏನೂ ಕೇಳಬೇಡಿ.

ನಿಮ್ಮ ಅತ್ತೆ

*

ಆಗಸ್ಟ್ ೬

ಅತ್ತೆಯವರಿಗೆ,

ದಾರದ ಅಳತೆ ತಪ್ಪಾಗಿದೆ.

ಮೊದಲು ಹೀಗೆಯೇ ಬರೆದೆ, ಹಾಗಾಗಿ ಅಳಿಸದೆ ಬಿಟ್ಟಿದ್ದೇನೆ. ಎದೆಯ ಸುತ್ತನ್ನು ಟೇಪಿನ ಮೇಲೆ ಹಿಡಿದೆ. ಗೋಡೆಯ ಪಟ್ಟಿಯಲ್ಲಿ ಅದು ಮೂರು ವರ್ಷದ ಮಗುವಿನ ಅಂಕಿ. ಉದ್ದ ಐದು ವರ್ಷದವಳದು. ಪೊರೆ ಬಂದ ಕಣ್ಣಲ್ಲಿ ದಾರ ಎಲ್ಲೋ ಜಾರಿದೆ, ಅಥವಾ ಎಳೆದು ಬಿಗಿದಿದ್ದಾರೆ ಎಂದುಕೊಂಡೆ. ನಿಮ್ಮ ಮೇಲೆ ಸಿಟ್ಟೂ ಬಂತು.

ಆದರೆ ನೀವು ಹೊಲಿಗೆಯವರು. ಹಾಸ್ಟೆಲಿಗೆ ಸೇರುವ ಮೊದಲು ವರ್ಷಗಟ್ಟಲೆ ಅಳತೆ ತೆಗೆದವರು. ದಾರ ಬಿಗಿಯಲು ನಿಮಗೆ ಕಣ್ಣು ಬೇಕಾಗಿಲ್ಲ, ಬೆರಳು ಸಾಕು.

ನಮ್ಮ ಕೆಳಗಿನ ಮನೆಯ ಇಸ್ತ್ರಿಯವನಿಗೆ ಒಬ್ಬ ಮಗಳಿದ್ದಾಳೆ, ಡುಮ್ಮಿಯ ವಯಸ್ಸು. ಸಣಕಲಿ. ಗಾಳಿ ಬಂದರೆ ಹಾರಿಹೋಗ್ತಾಳೆ ಎಂದು ಅವಳಪ್ಪನೇ ಆಡಿಕೊಳ್ಳುತ್ತಾನೆ. ಅವಳನ್ನು ಕರೆದು ನಿಮ್ಮ ದಾರವನ್ನು ಎದೆಗೆ ಸುತ್ತಿದೆ. ತುದಿಗೆ ಗಂಟು ಮುಟ್ಟಲಿಲ್ಲ. ನಡುವೆ ನನ್ನ ಮೂರು ಬೆರಳು ಹಿಡಿಸಿದವು. "ಮಾವ, ಬಿಗಿ ಆಗ್ತಿದೆ" ಎಂದಳು ಹುಡುಗಿ.

ಆಮೇಲೆ ನಿಮ್ಮ ಕಾಗದಗಳನ್ನೆಲ್ಲ ಮತ್ತೆ ಓದಿದೆ. ನಾನು ಡುಮ್ಮಿ, ಡುಮ್ಮಿ ಎಂದು ಬರೆದಿದ್ದೇನೆ. ನೀವು ಒಂದು ಸಲವೂ ಬರೆದಿಲ್ಲ. ಆ ಹೆಸರಿಟ್ಟವರೇ ನೀವು. "ನನ್ನ ಕೈ ಅದರೊಳಗಿಡು" ಎಂದಳೆಂದು ಬರೆದಿದ್ದೀರಿ. ತನ್ನ ಕೈಯನ್ನು ತನ್ನ ಜೇಬಿಗೆ ತಾನೇ ಹಾಕಿಕೊಳ್ಳಲು ಆರು ವರ್ಷದವಳಿಗೆ ಅಜ್ಜಿ ಏಕೆ ಬೇಕು? ಆ ಸಾಲನ್ನು ಮೊದಲ ಸಲ ಓದಿದಾಗ ನಾನು ನಕ್ಕಿದ್ದೆ.

ಏನಾಗಿದೆ ಅವಳಿಗೆ?

ನಿಮ್ಮ ಅಳಿಯ

*

ಆಗಸ್ಟ್ ೧೭

ಅತ್ತೆ,

ಉತ್ತರವಿಲ್ಲ. ದಿನವೂ ಟಪಾಲಿನವನ ದಾರಿ ಕಾಯುತ್ತಿದ್ದೇನೆ. ಗೇಟಿನ ಮುಂದೆ ಎಲ್ಲರೂ ಕೂಗುವಾಗ ನಾನು ರಸ್ತೆಯ ಕಡೆಗೇ ನೋಡುತ್ತಿರುತ್ತೇನೆ.

ಬೈಯಿರಿ, ಶಪಿಸಿ, ಏನಾದರೂ ಬರೆಯಿರಿ.

ಅಳಿಯ

*

ಆಗಸ್ಟ್ ೨೨

ಅಪ್ಪಾ,

ಇನ್ನು ಅಳಿಯಂದಿರು, ನೀವು, ತಾವು ಎಲ್ಲ ಬೇಡ. ಇದನ್ನು ಬಹುವಚನದಲ್ಲಿ ಬರೆಯಲು ನನ್ನಿಂದ ಆಗುವುದಿಲ್ಲ.

ಮೊದಲು ಲೋಟ ಜಾರತೊಡಗಿತು. ಹುಡುಗಾಟ ಎಂದು ಗದರಿದೆ. ಒಂದು ಸಲ ಬೆನ್ನಿಗೆ ಗುದ್ದಿಯೂ ಬಿಟ್ಟೆ. ಆಮೇಲೆ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯತೊಡಗಿದಳು. ಜಡೆ ಹಾಕುವಾಗ ಮೇಲೆತ್ತಿದ ಕೈ ಅಲ್ಲಿ ನಿಲ್ಲಲಿಲ್ಲ. ಇಲ್ಲಿಯ ಆಸ್ಪತ್ರೆಗೆ ತೋರಿಸಿದೆ, ಅವರು ಬರೆದುಕೊಟ್ಟ ಇನ್ನೊಂದು ಆಸ್ಪತ್ರೆಗೂ ಹೋದೆ. ಹೋದ ಚಳಿಗಾಲದಲ್ಲಿ ಅದು. ಮೈಯ ಮಾಂಸಖಂಡಗಳು ಒಂದೊಂದಾಗಿ ಸೊರಗುವ ಕಾಯಿಲೆಯಂತೆ. ಹುಟ್ಟುವಾಗಲೇ ರಕ್ತದಲ್ಲಿ ಬರುವುದಂತೆ, ಯಾರ ತಪ್ಪೂ ಅಲ್ಲವಂತೆ. ಡಾಕ್ಟರಮ್ಮ ಒಳ್ಳೆಯ ಹೆಂಗಸು, ನನ್ನ ಕೈ ಹಿಡಿದುಕೊಂಡು ಹೇಳಿದರು. ಮದ್ದಿಲ್ಲ. ಕೈಕಾಲು ಬಿಗಿಯದ ಹಾಗೆ ದಿನಾ ಎಣ್ಣೆ ಹಚ್ಚಿ ಮಡಚಿ ಬಿಡಿಸಬೇಕು. ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಉಸಿರು. ಎಷ್ಟು ಕಾಲ ಎಂದು ಕೇಳಿದೆ. ಕೆಲವು ಮಕ್ಕಳು ವರ್ಷಗಟ್ಟಲೆ ಇರುತ್ತವೆ, ಕೆಲವು ಇರುವುದಿಲ್ಲ ಎಂದರು. ಈಗ ಎದ್ದು ನಿಲ್ಲುತ್ತಾಳೆ, ನಡೆಯುತ್ತಾಳೆ ಕೂಡ. ದೂರ ಆಗುವುದಿಲ್ಲ.

ಊಟ ತಾನೇ ಮಾಡುತ್ತೇನೆ ಎನ್ನುತ್ತಾಳೆ. ನಾನು ತುತ್ತು ಕೊಡಲು ಹೋದರೆ ತುಟಿ ಬಿಗಿಯುತ್ತಾಳೆ. ತಟ್ಟೆಯಿಂದ ಕೈ ಎತ್ತುತ್ತಾಳೆ, ಎದೆಯವರೆಗೆ ಬರುತ್ತದೆ, ಅಲ್ಲಿಂದ ಬೀಳುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜೀವನದಲ್ಲಿ ಎಷ್ಟು ಸಲ ಅಂದಿದ್ದೇನೋ. ಕಣ್ಣೆದುರಿಗೆ ಕಂಡ ಮೇಲೆ ಆ ಗಾದೆ ಆಡಲು ನಾಲಿಗೆ ಏಳುವುದಿಲ್ಲ. ಅವಳು ಮಾತ್ರ, "ಅಜ್ಜಿ, ಕೈಗೆ ನಿದ್ದೆ ಬಂದಿದೆ" ಎನ್ನುತ್ತಾಳೆ. ಒದ್ದೆಯಾದ ಫ್ರಾಕು ಬದಲಿಸುವಾಗ ಎರಡೂ ಕೈ ಮೇಲೆತ್ತಿಸಬೇಕು, ಅದು ಅವಳಿಗೆ ನೋವು. ಏಪ್ರನ್ ಆದರೆ ಹಿಂದಿನಿಂದ ಲಾಡಿ ಎಳೆದರೆ ಬರುತ್ತದೆ. ಅದಕ್ಕೆ ಕೇಳಿದೆ.

ನಿನಗೆ ಏಕೆ ಹೇಳಲಿಲ್ಲ? ಹೇಳಿದ್ದರೆ ನೀನು ಮಾರನೆಯ ಬಸ್ಸಿಗೆ ಬಂದು, ಇಲ್ಲಿಯ ಡಾಕ್ಟರಿಗೆ ಏನು ಗೊತ್ತು, ನಮ್ಮ ಊರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದೆ. ನಿನ್ನ ಹಕ್ಕು, ನಿನ್ನ ಮಗಳು. ಆ ದೊಡ್ಡ ಆಸ್ಪತ್ರೆಗೆ ನನ್ನ ಮಗಳು ನಡೆದುಕೊಂಡು ಹೋಗಿದ್ದಳು. ಜ್ವರ ಎಂದು. ನನಗೆ ತಂತಿ ಬಂದಾಗ ಎಲ್ಲ ಮುಗಿದಿತ್ತು. ಅವಳ ಹಣೆ ಮುಟ್ಟಲೂ ಸಿಗಲಿಲ್ಲ. ಇವಳನ್ನೂ ಹಾಗೆ ಕಳಿಸಿ ಬಾಗಿಲಲ್ಲಿ ಕೂರಲು ನನ್ನಿಂದ ಆಗದು ಎಂದು ಬಾಯಿ ಮುಚ್ಚಿಕೊಂಡೆ. ನೀನು ನನ್ನನ್ನು ಅನ್ಯಾಯಗಾರ್ತಿ ಎಂದು ಬರೆದೆಯಲ್ಲ, ತಪ್ಪು ಕಾರಣಕ್ಕೆ ಸರಿಯಾದ ಮಾತು. ತಂದೆಯಿಂದ ಮಗುವನ್ನು ಮುಚ್ಚಿಟ್ಟೆ.

ದಾರ ಹಾಕುವಾಗ ಗೊತ್ತಿತ್ತು ನನಗೆ. ನೀನು ಅಳೆಯುತ್ತೀಯ, ನಿನಗೆ ತಿಳಿಯುತ್ತದೆ ಎಂದು. ಬಾಯಲ್ಲಿ ಹೇಳಲಾಗದ್ದನ್ನು ಗಂಟು ಹಾಕಿ ಕಳಿಸಿದೆ.

ಅತ್ತೆ

*

ಆಗಸ್ಟ್ ೨೭

ಅತ್ತೆ,

ನಿಮ್ಮ ಕಾಗದ ಗೇಟಿನ ಹತ್ತಿರವೇ ಸಿಕ್ಕಿತು. ಕಾಲರಣ್ಣ ತಂದುಕೊಟ್ಟ. ಓದಿದೆ. ಓದಿ ಮಡಚಿದೆ. ಮತ್ತೆ ಬಿಡಿಸಿದೆ.

ನಾನು ಇಷ್ಟು ವರ್ಷ ಓದಿದ ಹೊತ್ತಿಗೆಗಳಲ್ಲಿ ಪ್ರತಿಯೊಂದು ನೋವಿನ ಹಿಂದೆ ಒಬ್ಬ ಹೊಣೆಗಾರ ಇರುತ್ತಿದ್ದ. ಅವನನ್ನು ಹುಡುಕು, ಅವನ ಬಾಗಿಲಲ್ಲಿ ಕೂರು, ಎದ್ದು ಹೋಗಬೇಡ. ಅದನ್ನು ನಾನು ಇಂದಿಗೂ ನಂಬುತ್ತೇನೆ, ತೋಳಕ್ಕನ ವಿಷಯದಲ್ಲಿ ಅದು ನಿಜ. ಆದರೆ ಇದಕ್ಕೆ ಯಾರ ಬಾಗಿಲಲ್ಲಿ ಕೂರಲಿ? ಯಾರ ತಪ್ಪೂ ಅಲ್ಲ ಎಂದರಂತೆ ಡಾಕ್ಟರಮ್ಮ. ಯಾರದೂ ಅಲ್ಲದ ತಪ್ಪಿನ ಮುಂದೆ ನಿಲ್ಲಲು ನನಗೆ ಯಾರೂ ಕಲಿಸಿಲ್ಲ. ಮೊದಲು ನಿಮ್ಮ ಮೇಲೆ ಕೂಗಾಡಬೇಕು ಎನಿಸಿತು. ಚಳಿಗಾಲದಿಂದ, ಅತ್ತೆ. ಅಷ್ಟೂ ದಿನ ನಾನು ಅವಳನ್ನು ದುಂಡಗೆ ಇಟ್ಟುಕೊಂಡಿದ್ದೆ ತಲೆಯಲ್ಲಿ. ನೀವು ಮಾಡಿದ್ದು ತಪ್ಪು. ಅದನ್ನು ಒಂದು ಸಲ ಬರೆಯಬೇಕಿತ್ತು, ಬರೆದೆ. ಇನ್ನು ಬರೆಯುವುದಿಲ್ಲ.

ಮಾತುಕತೆಗೆ ಮಾಲೀಕರು ಒಪ್ಪಿದ್ದಾರೆ, ಮುಂದಿನ ತಿಂಗಳ ಮೊದಲ ವಾರ. ಸಂಘದ ಪರವಾಗಿ ಮಾತಾಡಬೇಕಾದವನು ನಾನು. ನಿನ್ನೆ ಎಲ್ಲರನ್ನೂ ಕೂರಿಸಿ ನನ್ನಿಂದ ಆಗದು ಎಂದೆ, ಕಾರಣ ಹೇಳಿದೆ. ನನ್ನನ್ನು ಅರ್ಧದಲ್ಲಿ ಬಿಟ್ಟುಹೋಗುವವನು ಅಂದುಕೊಂಡರೇನೋ ಎಂದು ತಲೆ ಎತ್ತಲಿಲ್ಲ. ತೋಳಕ್ಕ ಎದ್ದು ಬಂದು ನನ್ನ ಪಕ್ಕ ಕೂತಳು. ಯಾರ ಸಲುವಾಗಿ ಇದೆಲ್ಲ ಶುರುವಾಯಿತೋ ಅವಳು. "ಜೇಬಿಲ್ಲದ ಅಂಗಿನೂ ಅಂಗಿನೇ ಕಣೋ. ನಾನು ಮಾತಾಡ್ತೀನಿ. ನೀನು ಹೋಗು" ಎಂದಳು.

ಡುಮ್ಮಿಯನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ. ಆ ಸಾಲನ್ನು ಮತ್ತೆ ಬರೆಯಬೇಡಿ ಎಂದಿದ್ದಿರಿ, ಇದು ಅದರ ಬದಲಿಗೆ ಬರೆಯುವ ಸಾಲು. ನಿಮ್ಮ ಮನೆಯಲ್ಲಿ ನನಗೊಂದು ಮೂಲೆ ಕೊಡಿ. ಹಾಸ್ಟೆಲಿನಲ್ಲಿ ಮೂಟೆ ಹೊರುವುದೋ ನೀರು ಹೊಡೆಯುವುದೋ, ಏನಿದ್ದರೂ ಮಾಡುತ್ತೇನೆ. ಎಣ್ಣೆ ಹಚ್ಚುವುದನ್ನು ಕಲಿಸಿ, ಎಷ್ಟು ಮಡಚಬೇಕು, ಎಲ್ಲಿ ನಿಲ್ಲಿಸಬೇಕು ಎಂದು. ಕೈಮೇಲೆ ಹೊಡೆದೇ ಕಲಿಸಿ. ಮಿಷನ್ನನ್ನೂ ತರುತ್ತಿದ್ದೇನೆ.

ಬಿಳಿ ಬಟ್ಟೆಯನ್ನು ಎರಡು ಸಲ ನೀರಿಗೆ ಹಾಕಿ ಒಣಗಿಸಿ ನಿಮ್ಮ ದಾರದ ಅಳತೆಗೇ ಹೊಲಿದಿದ್ದೇನೆ. ಮಿಷನ್ನಿನ ಮೇಲೆ ಅದು ಎಷ್ಟು ಚಿಕ್ಕದಾಗಿ ಕಂಡಿತು ಎಂದು ಬರೆಯಲಾರೆ. ಬಾಗು ಸರಿಯಾಗಿ ಬಂದಿದೆ.

ಅವಳಿಗೆ ನನ್ನ ಬಗ್ಗೆ ಏನು ಹೇಳಿದ್ದೀರಿ? ಅವಳಿಗೆ ಗಾಬರಿಯಾಗದ ಹಾಗೆ ಯಾವಾಗ ಬರಲಿ, ಎಲ್ಲಿಗೆ ಬರಲಿ, ನೀವೇ ಹೇಳಿ. ನಿಮ್ಮ ಮಾತಿನಂತೆ ನಡೆಯುತ್ತೇನೆ.

ನಿಮ್ಮ ಅಳಿಯ

*

ಸೆಪ್ಟೆಂಬರ್ ೧

ಅಪ್ಪಾ,

ವಾರ್ಡನ್ ಅಮ್ಮನನ್ನು ಕೇಳಿದೆ. ಉಗ್ರಾಣ ನೋಡಿಕೊಳ್ಳುವವನು ಕೆಲಸ ಬಿಟ್ಟಿದ್ದಾನೆ, ನಿನ್ನನ್ನು ತೆಗೆದುಕೊಳ್ಳುತ್ತಾರಂತೆ. "ಭಾಷಣ ಮಾಡ್ತಾನಾ?" ಎಂದರು. ಮಾಡುತ್ತಾನೆ, ಆದರೆ ಅಕ್ಕಿ ಮೂಟೆಯ ಮುಂದೆ ಮಾಡಲಿ ಬಿಡಿ, ಅದು ಎದುರಾಡುವುದಿಲ್ಲ ಎಂದೆ. ಮೂಲೆ ಕೇಳಿದೆಯಲ್ಲ, ನನ್ನ ಮಂಚದ ಪಕ್ಕ ಜಾಗ ಮಾಡಿದ್ದೇನೆ. ಮಗುವಿನ ಹಾಸಿಗೆ ನಡುವೆ ಬರುತ್ತದೆ.

ಅವಳಿಗೆ ನಿನ್ನ ಬಗ್ಗೆ ನಾನು ಕೆಟ್ಟದ್ದು ಹೇಳಿಲ್ಲ. ಒಳ್ಳೆಯದನ್ನೂ ಹೆಚ್ಚು ಹೇಳಿಲ್ಲ. ಉಳಿದದ್ದನ್ನು ಅವಳೇ ಸೇರಿಸಿಕೊಂಡಿದ್ದಾಳೆ. ಅವಳ ಪ್ರಕಾರ ನೀನು ಬಹಳ ಎತ್ತರ. ಬಾಗಿಲು ದಾಟುವಾಗ ತಲೆ ಬಗ್ಗಿಸು, ಸಾಕು, ನಂಬುತ್ತಾಳೆ.

ಕೆಲವು ಮಾತು ಹೇಳುತ್ತೇನೆ, ನೆನಪಿಟ್ಟುಕೋ. ಕೈ ಚಾಚಿ "ಬಾ" ಎಂದು ಕರೆಯಬೇಡ, ಅವಳು ಓಡಿ ಬರಲು ಹೋಗಿ ಬೀಳುತ್ತಾಳೆ. ನೀನೇ ಅವಳ ಹತ್ತಿರ ಹೋಗಿ ನೆಲದ ಮೇಲೆ ಕೂರು. ಎತ್ತಿಕೊಳ್ಳುವಾಗ ಕಂಕುಳಲ್ಲಿ ಹಿಡಿಯಬೇಡ, ಬೆನ್ನಿಗೊಂದು ಕೈ, ತೊಡೆಯ ಕೆಳಗೊಂದು ಕೈ. ಹಗುರ ಇದ್ದಾಳೆ. ಎತ್ತಿದಾಗ ನಿನ್ನ ಮುಖ ಬದಲಾಗಬಾರದು. ಅವಳು ಮುಖ ಓದುತ್ತಾಳೆ, ನಾನು ಹುರುಳಿಕಾಯಿ ಹೆಚ್ಚುವುದನ್ನು ನೋಡುವ ಹಾಗೆಯೇ. ಎದುರಿಗೆ ಅಳಬೇಡ. ನಾನು ಇಲ್ಲಿಯವರೆಗೆ ಅತ್ತಿಲ್ಲ, ಜಾಗ ಸಿಕ್ಕಿಲ್ಲ, ಜೊತೆಗೆ ಯಾರೂ ಇರಲಿಲ್ಲ.

ಮಗುವಿಗೆ ಎಚ್ಚರವಾಗುವುದು ಏಳು ಗಂಟೆಗೆ. ನೀನು ಅದಕ್ಕೆ ಒಂದು ಗಂಟೆ ಮೊದಲು ಬಾ. ಮನೆಗೆ ಬರಬೇಡ, ಹಾಸ್ಟೆಲಿನ ಅಡುಗೆಮನೆಯ ಹಿಂಬಾಗಿಲಿಗೆ ಬಾ, ಅಷ್ಟು ಹೊತ್ತಿಗೆ ಅಲ್ಲಿ ನಾನೊಬ್ಬಳೇ ಇರುತ್ತೇನೆ. ಮಗುವಿನ ಹತ್ತಿರ ವಾರ್ಡನ್ ಅಮ್ಮ ಕೂತಿರುತ್ತಾರೆ. ಅಳುವುದು ಏನಿದೆಯೋ, ನಿನ್ನ ಹೆಂಡತಿಗಾಗಿ, ನನ್ನ ಮಗಳಿಗಾಗಿ, ಇವಳಿಗಾಗಿ, ಆ ಒಂದು ಗಂಟೆಯಲ್ಲಿ ನಾವಿಬ್ಬರೂ ಕೂತು ಅತ್ತುಬಿಡೋಣ. ಆಮೇಲೆ ಮುಖ ತೊಳೆದುಕೊಂಡು ಅವಳ ಹತ್ತಿರ ಹೋಗೋಣ.

ಸೆಪ್ಟೆಂಬರ್ ೮, ಸೋಮವಾರ, ಬೆಳಿಗ್ಗೆ ಆರು ಗಂಟೆ.

ಅತ್ತೆ